ಚೀಲದ ಕೈ ಹೊಲಿದ ಕುಂಚಿಗೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡದಿದ್ದರೆ ಮುಂದಿನದನ್ನು ಬರೆಯಲು ನನ್ನ ಕೈ ಓಡುವುದಿಲ್ಲ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು, ವರ್ಣನೆ ಬರುವುದಿಲ್ಲ. ಆದರೂ ಗೋಕಾಕದ ದವಾಖಾನೆಯಿಂದ ಮೂಡಲಗಿಯ ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಕೂಸಿನ ಮೂಗು, ಹಣೆ, ಬೆರಳುಗಳನ್ನು ಒಂದೊಂದಾಗಿ ವಿವರಿಸಿದೆ. ಒಬ್ಬರು ತಮ್ಮ ಊರು ಬರುವ ಮೊದಲೇ ಇಳಿದುಹೋದರು.

ಇಂಥ ಸಂತೋಷದಲ್ಲಿ ಮನುಷ್ಯ ಮಾತು ಕೊಡಬಾರದು. ನಾನು ಕೊಟ್ಟೆ. ಅಳಿಯನ ತಾಯಿ, ನಮ್ಮ ಬೀಗತಿ, ಹುಕ್ಕೇರಿಯಿಂದ ಕೂಸು ನೋಡಲು ಬಂದವರು, "ತೊಟ್ಟಲಕ್ಕ ಹಾಕೂ ದಿನ ಕುಂಚಿಗಿ ನಾವ ತರತೇವ್ರಿ, ಪ್ಯಾಟ್ಯಾಗ ಚಲೋ ಚಲೋ ಬಂದಾವು" ಎಂದರು. ಕುಂಚಿಗೆಯೆಂದರೆ ಕೂಸಿನ ತಲೆಗೆ ಟೋಪಿ, ಬೆನ್ನಿಗೆ ಇಳಿಬಿದ್ದ ಬಟ್ಟೆ, ಎರಡೂ ಕೂಡಿ ಒಂದೇ. ನಮ್ಮ ಮನೆಯ ಕೂಸುಗಳಿಗೆಲ್ಲ ಅದನ್ನು ಹೊಲಿದವಳು ನನ್ನ ಅವ್ವ. ಸಾಯುವ ಮೊದಲು ತಾನು ಉಟ್ಟುಟ್ಟು ಮೆತ್ತಗಾದ ಇಳಕಲ್ ಸೀರೆಯೊಂದನ್ನು ಗಂಟು ಕಟ್ಟಿಟ್ಟು, "ಇದು ನನ್ನ ಮೊಮ್ಮಗಳ ಕೂಸಿಗೆ" ಎಂದಿದ್ದಳು. ನಾನು ಮೀಸೆ ತೀಡಿ, "ಬ್ಯಾಡ್ರಿ, ನಮ್ಮವ್ವನ ಸೀರಿ ಐತಿ. ನಾನ ಹೊಲಿತೇನಿ" ಎಂದೆ. ಒಳಗೆ ನನ್ನ ಹೆಂಡತಿ ಕೆಮ್ಮಿದಳು. ಅವಳಿಗೂ ಹೊಲಿಗೆ ಬಾರದು. ಅತ್ತೆಯಿದ್ದ ಮನೆಯಲ್ಲಿ ಅವಳ ಕೈಗೆ ಸೂಜಿ ಸಿಕ್ಕಿದ್ದೇ ಇಲ್ಲ.

ನನಗೆ ಹೊಲಿಗೆ ಏನೇನೂ ಬಾರದೆಂದಲ್ಲ. ಗೋಕಾಕ ಪೇಟೆಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ, ಗೋವಿನಜೋಳದ ಚೀಲಗಳ ಬಾಯಿ ಹೊಲಿದಿದ್ದೇನೆ. ಕೈಯಲ್ಲಿ ದಬ್ಬಣ, ಹೆಗಲ ಮೇಲೆ ಸೆಣಬಿನ ಸುತಳಿ. ನಾನು ಹೊಲಿದ ಚೀಲ ಲಾರಿಯಿಂದ ಬಿದ್ದರೂ ಒಂದು ಕಾಳು ಚೆಲ್ಲುತ್ತಿರಲಿಲ್ಲ. ಅವ್ವನ ಹೊಲಿಗೆಯ ಜಾತಿಯೇ ಬೇರೆ. ಕಟ್ಟೆಯ ಮೇಲೆ ಕೂತು, ಓಣಿಯವರನ್ನೆಲ್ಲ ಸರದಿಯಂತೆ ಬೈಯುತ್ತ ಹೊಲಿದರೂ ಅವಳ ಸಾಲು ಇರುವೆಯ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ನನಗೆ ಸೂಜಿಯ ಕಣ್ಣು ಕಾಣುವಷ್ಟರಲ್ಲೇ ಒಂದು ಮಧ್ಯಾಹ್ನ ಮುಗಿಯಿತು. ಮೂರು ದಿನ ಬಾಗಿಲು ಮುಚ್ಚಿಕೊಂಡು, ಯಾರಿಗೂ ತೋರಿಸದೆ ಹೊಲಿದೆ.

ಹೆಸರಿಡುವ ದಿನ ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಿದ್ದರು. ಮಗಳು ಕುಂಚಿಗೆಯನ್ನು ತಿರುವಿ ಮುರುವಿ ನೋಡಿ ಕೇಳಿದಳು: "ಅಪ್ಪಾ, ಕೂಸಿನ ಮಾರಿ ಎಲ್ಲಿಂದ ಹೊರಗ ಬರಬೇಕು?"

ಮೂವತ್ತು ವರ್ಷದ ರೂಢಿ. ಮುಖ ಬರುವ ಕಡೆಯನ್ನು ಪೂರಾ ಹೊಲಿದು ಗಂಟು ಬಿಗಿದಿದ್ದೆ. ಹಮಾಲರಿಗೆ ಎತ್ತಲು ಅನುಕೂಲವಾಗಲೆಂದು ಚೀಲದ ಮೂಲೆಗೆ ಬಿಡುವ ಎರಡು ಕಿವಿಗಳನ್ನೂ ಬಿಟ್ಟಿದ್ದೆ.

"ಬೀಗರ, ಇದ್ರಾಗ ಎಷ್ಟ ಕಿಲೋ ಹಿಡಿತೈತ್ರಿ?" ಎಂದರು ಬೀಗತಿ. ನೆರೆದವರೆಲ್ಲ ನಕ್ಕರು. ಮಗಳು ಮಾತ್ರ ನಗಲಿಲ್ಲ. ಅಜ್ಜಿಯ ಸೀರೆಯನ್ನು ಸವರುತ್ತ ನಿಂತಳು. ಬೀಗತಿ, ಇರಲಿ ಎಂದು ತಂದಿದ್ದ ಪೇಟೆಯ ಕುಂಚಿಗೆಯನ್ನು ಕೂಸಿಗೆ ತೊಡಿಸಿದರು. ಅದರ ಜರಿ ಚುಚ್ಚಿತೋ ಏನೋ, ಕೂಸು ಓಣಿ ಕೂಡುವಂತೆ ಚೀರಿತು. ಆಗ ನನ್ನ ಹೆಂಡತಿ ಬ್ಲೇಡು ತಂದು, ಮುಖದ ಕಡೆಯ ನನ್ನ ಹೊಲಿಗೆಯನ್ನು ಸರಸರ ಕೊಯ್ದು, ಅವ್ವನ ಸೀರೆಯ ಕುಂಚಿಗೆಯನ್ನು ಕೂಸಿನ ತಲೆಗೆ ಹಾಕಿದಳು. ಕೂಸು ಎರಡು ಸಲ ಬಿಕ್ಕಿ ನಿದ್ದೆ ಹೋಯಿತು. ನೆತ್ತಿಯ ಮೇಲೆ ಎರಡು ಕಿವಿಗಳು ಆಡಿನ ಮರಿಯಂತೆ ನಿಂತಿದ್ದವು. ಮಗಳು ಈಗ ನಕ್ಕಳು.

"ನೋಡಿದಿ, ನನ್ನ ಕೈಗುಣ!" ಎಂದೆ.

"ಸೀರಿ ಅತ್ತೀದು, ಬ್ಲೇಡ್ ನಂದು," ಎಂದಳು ಹೆಂಡತಿ. "ನಿಮ್ಮವು ಕಿವಿ ಅಷ್ಟ."

ಸಂಜೆ ಬೀಗರು, ಅಳಿಯ, ಮಗಳು, ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಗೋಧಿ ಹುಗ್ಗಿ ಬಡಿಸುತ್ತ ಬಂದ ಹೆಂಡತಿ ನನ್ನ ತಾಟಿನ ಮುಂದೆ ನಿಂತಳು. "ಏನ್ರಿ, ಖೋಲ್ಯಾಗ ಜ್ವಾಳದ ಚೀಲ ಹದಿನೈದ ದಿನದಿಂದ ಬಾಯಿ ತಕ್ಕೊಂಡ ನಿಂತೈತಿ. ಇಲಿ ತಿನ್ನಾಕತ್ತಾವು. ಅದನ್ನ ಯಾವಾಗ ಹೊಲಿತೀರಿ?"

ನಾಳೆ ಎಂದು ಹೇಳಿ, ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡೆ.