ಅಳೆದು ತೂಗಿ ಹಾಕಿದ ಗುಂಡು

ಒಂದೇ ಡಬ್ಬಿಯಲ್ಲಿ ಬಂದ ಐವತ್ತು ಗುಂಡುಗಳು ಒಂದೇ ತೂಕ ಇರುತ್ತವೆ ಎಂದು ನಂಬುವ ಮುಗ್ಧರ ಪೈಕಿ ನಾನೂ ಒಬ್ಬನಾಗಿದ್ದೆ. ಇರುವುದಿಲ್ಲ. ಕಾರ್ಖಾನೆಯವರು ಹೊರಗೆ ಚಂದದ ಲೇಬಲ್ ಅಂಟಿಸಿ ಒಳಗೆ ತಮಗೆ ತೋಚಿದ್ದನ್ನು ತುಂಬಿರುತ್ತಾರೆ. ಕೇಳುವವರಿಲ್ಲ. ನಾನು ಹೇಳುತ್ತಿರುವುದು ರೈಫಲ್ಲಿನ ಗುಂಡಿನ ಮಾತು. ಇದನ್ನು ಮೊದಲೇ ಬಿಡಿಸಿ ಹೇಳುತ್ತಿದ್ದೇನೆ, ಏಕೆಂದರೆ ಬಿಡಿಸಿ ಹೇಳದೆ ಒಮ್ಮೆ ಮಾನ ಕಳೆದುಕೊಂಡಿದ್ದೇನೆ.

ನಾನು ಅಬುಧಾಬಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವ ಮೈಸೂರಿನವನು. ವೈದ್ಯರು ಏನಾದರೂ ಹವ್ಯಾಸ ಬೆಳೆಸಿಕೊಳ್ಳಿ ಎಂದಾಗ ಊರಾಚೆಯ ಶೂಟಿಂಗ್ ಕ್ಲಬ್ಬು ಸೇರಿದೆ. ಪಾಯಿಂಟ್ ಟೂ ಟೂ ರೈಫಲ್ಲು, ಐವತ್ತು ಮೀಟರ್ ದೂರದಲ್ಲಿ ಗುರಿ, ಹೊಟ್ಟೆಯ ಮೇಲೆ ಮಲಗಿ ಹೊಡೆಯಬೇಕು. ಮಲಗಿ ಮಾಡುವ ಆಟ ಎಂದು ತಿಳಿದೇ ಸೇರಿದ್ದು. ಆದರೆ ನನ್ನ ಗುಂಡು ಒಂದು ಮೇಲೆ, ಒಂದು ಕೆಳಗೆ, ಒಂದು ಪಕ್ಕದವರ ಗುರಿಯಲ್ಲಿ. ಕೈ ಸರಿಯಿದೆ, ಕಣ್ಣು ಸರಿಯಿದೆ, ಕನ್ನಡಕವಂತೂ ಹೊಸದು. ಹಾಗಾದರೆ ತಪ್ಪು ಗುಂಡಿನದೇ ಆಗಿರಬೇಕಲ್ಲ?

ಬೇರೆ ದೇಶಗಳಲ್ಲಿ ಶಿಸ್ತಿನ ಜನ ತಮ್ಮ ತೋಟೆಗಳನ್ನು ತಾವೇ ಕೈಯಾರೆ ತುಂಬಿಕೊಳ್ಳುತ್ತಾರಂತೆ, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸ ಬರದ ಹಾಗೆ. ಈ ಊರಿನಲ್ಲಿ ಮನೆಯಲ್ಲಿ ಕೂತು ಹಾಗೆ ಮಾಡಿದರೆ ವೀಸಾದ ಜೊತೆ ನಾವೂ ಖಲಾಸ್. ಅಲ್ಲದೆ ನಮ್ಮ ಚಿಕ್ಕ ರೈಫಲ್ಲಿನ ತೋಟೆಯನ್ನು ಮರಳಿ ತುಂಬಲು ಬರುವುದೂ ಇಲ್ಲ. ಉಳಿದ ದಾರಿ ಒಂದೇ. ಕರಾಮದ ಮಾರುಕಟ್ಟೆಯಲ್ಲಿ ಅಕ್ಕಸಾಲಿಗರು ಬಳಸುವ ಪುಟ್ಟ ತಕ್ಕಡಿಯೊಂದನ್ನು ಕೊಂಡೆ. ಪ್ರತಿ ಶನಿವಾರ ಅದನ್ನು ಕ್ಲಬ್ಬಿಗೆ ಒಯ್ದು, ಅಲ್ಲೇ ಕೊಟ್ಟ ಗುಂಡುಗಳನ್ನು ಅಲ್ಲೇ ಮೇಜಿನ ಮೇಲೆ ಒಂದೊಂದಾಗಿ ತೂಗಿ, ಸಮ ತೂಕದವನ್ನು ಬೇರೆ ಮಾಡಿ ಹೊಡೆಯತೊಡಗಿದೆ. ಕ್ಲಬ್ಬಿನವರು ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಕನಿಕರದಿಂದ.

ನನ್ನ ಜೊತೆ ಬರುವವರು ಹಮೀದ್. ಉಪ್ಪಿನಂಗಡಿಯವರು, ಹಮ್ದಾನ್ ಸ್ಟ್ರೀಟಿನಲ್ಲಿ ಸೂಟ್‌ಕೇಸಿನ ಅಂಗಡಿ ಇಟ್ಟಿದ್ದಾರೆ. "ಎಂತ ಮೇಷ್ಟ್ರೇ ಇದು, ಚಿನ್ನ ತೂಗಿದ ಹಾಗೆ," ಎನ್ನುತ್ತಾರೆ. "ನಮ್ಮ ಅಜ್ಜ ಖಾಲಿ ತೋಟೆಗೆ ಅವರೇ ಮದ್ದು ತುಂಬಿಸ್ತಿದ್ರು. ಅಳತೆಗೆ ಎಂತ ಇತ್ತು ಗೊತ್ತುಂಟಾ? ನಶ್ಯದ ಡಬ್ಬಿಯ ಮುಚ್ಚಳ. ತೋಟಕ್ಕೆ ನುಗ್ಗಿದ ಹಂದಿ ಅದರಲ್ಲೇ ಬಿದ್ದಿತ್ತು." ಇಷ್ಟು ಹೇಳಿ, ಡಬ್ಬಿಯಿಂದ ಕೈಗೆ ಸಿಕ್ಕ ಗುಂಡನ್ನು ತೆಗೆದು, ಮಾತಾಡುತ್ತಲೇ ನಡುವಿನ ಚುಕ್ಕೆಗೆ ಹೊಡೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಪ್ರಪಂಚದಲ್ಲಿ ಕಷ್ಟಪಡುವವನಿಗೆ ಮರ್ಯಾದೆಯೇ ಇಲ್ಲ.

ಮೇಷ್ಟ್ರೇ ಎಂದು ಅವರು ಕರೆಯುವುದಕ್ಕೆ ಕಾರಣವಿದೆ. ಆರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಲ್ ರೀಮ್ ಐಲ್ಯಾಂಡಿನ ಒಂದು ಕಟ್ಟಡದ ಹಾಲ್‌ನಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಿಜ ಹೇಳಬೇಕೆಂದರೆ ಈ ಊರಿನಲ್ಲಿ ನನಗೆ ಸಂತೋಷ ಕೊಡುವುದು ಆ ಎರಡು ಗಂಟೆ ಮಾತ್ರ. ಅಲ್ಲಿ ನಾನು ಬಹಳ ಕಟ್ಟುನಿಟ್ಟು. ಇಂಗ್ಲಿಷ್ ಪದ ಬಂದರೆ ಸಹಿಸುವುದಿಲ್ಲ. ಒಂದು ಭಾನುವಾರ, ನಿನ್ನೆ ಏನು ಮಾಡಿದಿರಿ ಎಂದು ಎಲ್ಲರನ್ನೂ ಕೇಳಿದೆ. ಹತ್ತು ವರ್ಷದ ಅನ್ವಿತಾ ಎದ್ದು, "ಸರ್, ವಾಟ್ ಡಿಡ್ ಯೂ ಡೂ?" ಎಂದಳು. ಅದನ್ನೇ ಕನ್ನಡದಲ್ಲಿ ಕೇಳಿಸಿ, ಕ್ಲಬ್ಬಿನ ಶನಿವಾರವನ್ನೆಲ್ಲ ಒಂದನ್ನೂ ಬಿಡದೆ ಕನ್ನಡದಲ್ಲೇ ವಿವರಿಸಿದೆ. ಬುಲೆಟ್ ಎನ್ನಬಾರದು ಮಗು, ಗುಂಡು ಎನ್ನಬೇಕು ಎಂದೂ ಹೇಳಿಕೊಟ್ಟೆ. ಅವಳು ಶ್ರದ್ಧೆಯಿಂದ ಬರೆದುಕೊಂಡಳು.

ಮುಂದಿನ ತಿಂಗಳು ಪೋಷಕರ ದಿನ. ಮಕ್ಕಳ ಪ್ರಬಂಧಗಳನ್ನು ಗೋಡೆಗೆ ಹಚ್ಚಿದ್ದರು. ಆಫೀಸಿನ ಕೆಲಸದಿಂದಾಗಿ ನನಗೆ ಹೋಗಲಾಗಲಿಲ್ಲ. ಸಂಜೆ, ಈ ಕ್ಲಾಸು ನಡೆಸುವ ಕನ್ನಡ ಸಂಘದ ಅಧ್ಯಕ್ಷ ರಾಮಪ್ರಸಾದರ ಫೋನು ಬಂತು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವಾರದಿಂದ ನೀವು ಸ್ವಲ್ಪ ರೆಸ್ಟ್ ತಗೊಳ್ಳಿ. ಕ್ಲಾಸು ಬೇರೆ ಯಾರಾದ್ರೂ ನೋಡ್ಕೋತಾರೆ."

"ಯಾಕೆ ಸ್ವಾಮಿ? ನನಗೇನಾಗಿದೆ?"

"ನಮಗೆಲ್ಲ ಅರ್ಥ ಆಗುತ್ತೆ. ಈ ಊರಲ್ಲಿ ಪ್ರೆಶರ್ ಜಾಸ್ತಿ. ಆದ್ರೂ ಮಕ್ಕಳ ಮುಂದೆ..." ಎಂದು ಎಳೆದು, ಅನ್ವಿತಾಳ 'ನಮ್ಮ ಮೇಷ್ಟ್ರು' ಪ್ರಬಂಧವನ್ನು ಓದಿಯೇಬಿಟ್ಟರು. "ನಮ್ಮ ಮೇಷ್ಟ್ರು ತುಂಬಾ ಒಳ್ಳೆಯವರು. ಅವರು ಪ್ರತಿ ಶನಿವಾರ ಕ್ಲಬ್ಬಿಗೆ ಹೋಗಿ ಗುಂಡು ಹಾಕುತ್ತಾರೆ. ಸುಮ್ಮನೆ ಹಾಕುವುದಿಲ್ಲ, ಅಳೆದು ತೂಗಿ ಹಾಕುತ್ತಾರೆ. ಐವತ್ತು ಹಾಕಿದ ಮೇಲೆ ಅವರ ಕೈ ನಡುಗುತ್ತದೆ. ಆಮೇಲೆ ಮಲಗಿದಲ್ಲಿಂದ ಏಳಲು ಹಮೀದ್ ಮಾಮ ಸಹಾಯ ಮಾಡುತ್ತಾರೆ."

ನಾನು ಹುಟ್ಟಿದಾರಭ್ಯ ಒಂದು ತೊಟ್ಟು ಮುಟ್ಟಿದವನಲ್ಲ. ಕೆಮ್ಮಿನ ಔಷಧಿಯನ್ನೂ ಲೇಬಲ್ ಓದಿ ಕುಡಿಯುವವನು. ಸಿಟ್ಟು ನೆತ್ತಿಗೇರಿತು. ಮಗುವಿನ ಬರಹವನ್ನು ಗೋಡೆಗೆ ಹಚ್ಚುವ ಮೊದಲು ಒಬ್ಬರಾದರೂ ಓದಬಾರದೇ, ನಿಮಗೆಲ್ಲ ಜವಾಬ್ದಾರಿ ಬೇಡವೇ ಎಂದು ಕೂಗಾಡಿದೆ. ನನ್ನ ಹೆಂಡತಿ ವಸುಧಾ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. "ಇಷ್ಟು ವರ್ಷದ ಮರ್ಯಾದೆ ಒಂದು ಪ್ರಬಂಧದಲ್ಲಿ ಹೋಯ್ತಲ್ರೀ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಮರುದಿನ ಸಂಜೆ ತಕ್ಕಡಿಯನ್ನು ಬಗಲಲ್ಲಿಟ್ಟುಕೊಂಡು, ಹಮೀದರನ್ನು ಸಾಕ್ಷಿಗೆ ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಸಮಿತಿಯ ನಾಲ್ಕೈದು ಮಂದಿ ಕೂತಿದ್ದರು, ಸಾವಿನ ಮನೆಗೆ ಬಂದವರ ಮುಖ ಹೊತ್ತು. ನಾನು ಬಾಯಿ ತೆರೆಯುವ ಮೊದಲೇ ಹಮೀದ್ ನನ್ನ ಪರವಾಗಿ ನಿಂತರು. "ಇವರ ಮೇಲೆ ಎಂತಕ್ಕೆ ಸಂಶಯ ಮಾರಾಯ್ರೆ? ನಾನು ಪಕ್ಕದಲ್ಲೇ ಇರ್ತೇನಲ್ಲ. ಐವತ್ತು ಹಾಕಿದ್ರೂ ಇವರಿಗೆ ಒಂದೂ ಸರಿಯಾಗಿ ತಾಗುದಿಲ್ಲ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತಡೆಯಲಾಗದೆ ಬ್ಯಾಗಿನಿಂದ ಗುರಿಯ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಶೂಟಿಂಗ್, ರೈಫಲ್, ಬುಲೆಟ್ ಎಂದು ಬಾಯಿಗೆ ಬಂದ ಇಂಗ್ಲಿಷನ್ನೆಲ್ಲ ಸುರಿದೆ. ಅವರಿಗೆ ಆಗ ಅರ್ಥವಾಯಿತು. ನಕ್ಕರು, ಕ್ಷಮೆ ಕೇಳಿದರು, ಕಾಫಿ ಕೊಟ್ಟರು. ಕ್ಲಾಸು ನಿಮ್ಮದೇ ಎಂದರು. ನನಗೆ ಕಣ್ಣು ತುಂಬಿ ಬಂತು, ಆದರೆ ಸಿಟ್ಟು ಇಳಿದಿರಲಿಲ್ಲ. "ಅದೆಲ್ಲ ಇರಲಿ. ಇದನ್ನು ನೋಡದೆ ಪಾಸು ಮಾಡಿದ ಬೇಜವಾಬ್ದಾರಿ ಮನುಷ್ಯ ಯಾರು ಅಂತ ಮೊದಲು ಹೇಳಿ," ಎಂದು ಮೇಜು ಕುಟ್ಟಿದೆ.

ರಾಮಪ್ರಸಾದರು ಒಳಗಿನಿಂದ ಆ ಹಾಳೆ ತಂದು ನನ್ನ ಮುಂದಿಟ್ಟರು. ಕೆಳಗೆ ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿತ್ತು: "ಬೇಡದ ಇಂಗ್ಲಿಷ್ ಪದ ಒಂದೂ ಇಲ್ಲ, ಒಂದೂ ಕಾಗುಣಿತ ತಪ್ಪಿಲ್ಲ. ಶಹಬ್ಬಾಸ್. ಹತ್ತಕ್ಕೆ ಹತ್ತು." ಅದರ ಕೆಳಗೆ ನನ್ನ ಸಹಿ.

ಆಫೀಸಿನ ಊಟದ ವಿರಾಮದಲ್ಲಿ ಇಪ್ಪತ್ತೆರಡು ಪ್ರಬಂಧಗಳನ್ನು ಒಂದೇ ಉಸಿರಿಗೆ ತಿದ್ದಿದ್ದು ಆಗ ನೆನಪಾಯಿತು.

"ಈಗ ಎಷ್ಟು ಕೊಡ್ತೀರಿ ಮೇಷ್ಟ್ರೇ?" ಎಂದು ರಾಮಪ್ರಸಾದರು ಪೆನ್ನು ಮುಂದೆ ಹಿಡಿದರು.

ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಕ್ಲಬ್ಬಿಗೆ ಒತ್ತಕ್ಷರ ಸರಿಯಿತ್ತು. ನಡುಗುತ್ತದೆ ಎಂಬಲ್ಲಿ ದೀರ್ಘ ಎಳೆದಿರಲಿಲ್ಲ. ಹಮೀದ್ ಏಳಿಸುವುದೂ ಸುಳ್ಳಲ್ಲ. ಎಷ್ಟು ಹುಡುಕಿದರೂ ಅರ್ಧ ಅಂಕ ಕಳೆಯಲು ಜಾಗ ಸಿಗಲಿಲ್ಲ.

"ಹತ್ತೇ ಇರಲಿ," ಎಂದೆ.