ಬ್ರಿಟನ್ನಿನ ಬೆಟ್ಟಕ್ಕೊಂದು ಶಾವಿಗೆ ಒರಳು

"ವಸಂತಾ, ಬ್ರಿಟನ್ನಿನಲ್ಲಿ ಇರೋ ಬೆಟ್ಟಗಳಲ್ಲೆಲ್ಲ ಕಡಿದಾದದ್ದನ್ನ ಹುಡುಕಿ, ಅದರ ನೆತ್ತಿ ಮೇಲೆ ಸೈಕಲ್ ನಿಲ್ಲಿಸದಿದ್ದರೆ ನನ್ನ ಹೆಸರು ದ್ವಾರಕಾನಾಥನೇ ಅಲ್ಲ!"

ಅಮೆರಿಕದ ಮಿಲ್ ಕ್ರೀಕ್‌ನ ನಮ್ಮ ಮನೆಯ ಅಡುಗೆಕಟ್ಟೆಗೆ ಒರಗಿಕೊಂಡು ನಾನು ಈ ಘೋಷಣೆ ಹೊರಡಿಸಿದಾಗ ನನ್ನ ಹೆಂಡತಿ ವಸಂತಲಕ್ಷ್ಮಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹೊಸ ಹೆಸರು ಯೋಚನೆ ಮಾಡಿಟ್ಕೊಳ್ಳಿ," ಅಂದಳು.

ವಿಷಯ ಇಷ್ಟೇ. ಓವರ್‌ಲೇಕ್‌ನ ನಮ್ಮ ಆಫೀಸಿನವರು ನನ್ನನ್ನು ಸೆಪ್ಟೆಂಬರಿನಲ್ಲಿ ಒಂದು ವಾರ ಲಂಡನ್ನಿಗೆ ಕಳಿಸುವವರಿದ್ದರು. ಅದಕ್ಕೆ ಅಂಟಿಕೊಂಡು ಒಂದು ಶನಿವಾರ, ಒಂದು ಭಾನುವಾರ ಪೂರ್ತಿ ಖಾಲಿ! ಕೇಂಬ್ರಿಜ್‌ನಲ್ಲಿರೋ ಕಾಲೇಜಿನ ಗೆಳೆಯ ಗುರುಪ್ರಸಾದ್‌ಗೆ ಫೋನ್ ಮಾಡಿದೆ. ಅವನು ಕುಣಿದಾಡಿಬಿಟ್ಟ. "ಎರಡು ದಿನ ಸೈಕಲ್ ಹೊಡೆಯೋಣ ಕಣೋ, ಹಳೇ ಥರ. ಎಲ್ಲಿಗೆ ಅಂತ ನೋಡಿ ಹೇಳು," ಅಂದ.

ಹಳೇ ಥರ! ಆ ಎರಡು ಪದ ಕೇಳಿದ್ದೇ ತಡ, ನನಗೆ ಮೈಸೂರು ಮೈಮೇಲೆ ಬಂತು. ಕಾಲೇಜಿನ ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಸೈಕಲ್ಲು, ಅದೂ ಗುರುವಿನ ಅಪ್ಪನದು. ಬ್ರೇಕು ಹಿಡಿದರೆ ಬೆಲ್ಲು ಹೊಡೆಯುತ್ತಿತ್ತು, ಬೆಲ್ಲು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸರಸ್ವತಿಪುರಂ ಬಿಟ್ಟರೆ ಒಮ್ಮೆ ಶ್ರೀರಂಗಪಟ್ಟಣ, ಒಮ್ಮೆ ಬಲಮುರಿ, ಒಮ್ಮೆ ಚಾಮುಂಡಿ ಬೆಟ್ಟ. ಎಲ್ಲಿಗೆ ಅಂತ ಯಾರು ಯೋಚನೆ ಮಾಡ್ತಿದ್ದರು? ಪಂಕ್ಚರ್ ಆದ ಕಡೆ ಇಳಿದು, ಅಂಗಡಿಯವನು ಟ್ಯೂಬು ನೀರಲ್ಲಿ ಅದ್ದೋ ಹೊತ್ತಿಗೆ ನಾವು ಆ ಊರಿನ ಕಬ್ಬಿನ ಹಾಲು ಕುಡಿದು, ಅಲ್ಲಿಯ ಜನರ ಜೊತೆ ಹರಟೆ ಹೊಡೆದು ಬರ್ತಿದ್ವಿ. ಅಷ್ಟು ಚೆನ್ನಾಗಿದ್ದ ದಿನಗಳು ಆಮೇಲೆ ನನಗೆ ಸಿಕ್ಕಿಲ್ಲ.

ಈಗ ನಾನು ಇಂಜಿನಿಯರ್. ಪಂಕ್ಚರಿನ ಮೇಲೆ ಭಾರ ಹಾಕಿ ಹೊರಡೋಕಾಗುತ್ತಾ? ಸ್ಪ್ರೆಡ್‌ಶೀಟ್ ತೆರೆದೆ! ವೇಲ್ಸ್, ಯಾರ್ಕ್‌ಷೈರ್, ಲೇಕ್ ಡಿಸ್ಟ್ರಿಕ್ಟ್. ಏರು ಎಷ್ಟು, ಮಳೆ ಎಷ್ಟು, ಕಾಫಿ ಎಷ್ಟು ದೂರ, ಎಲ್ಲಕ್ಕೂ ಅಂಕ. ಲೇಕ್ ಡಿಸ್ಟ್ರಿಕ್ಟ್‌ನ ಒಂದು ಘಾಟಿಗೆ ನೂರಕ್ಕೆ ತೊಂಬತ್ತೊಂದು ಬಂತು. ಮೂರಡಿ ಮುಂದೆ ಹೋದರೆ ಒಂದಡಿ ಮೇಲೆ ಹೋಗುವ ರಸ್ತೆ! ಅಭ್ಯಾಸಕ್ಕೆ ಅಂತ ಮನೆ ಹತ್ತಿರದ ದಿಬ್ಬ ಹತ್ತಿದೆ. ಅರ್ಧದಲ್ಲಿ ವಸಂತಾಗೆ ಕಾಲ್ ಮಾಡಿ ವ್ಯಾನ್ ತರಿಸಿಕೊಂಡೆ. ಚೈನ್ ಸರಿ ಇರಲಿಲ್ಲ, ಅಷ್ಟೇ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಮುಂದಿನ ಭಾನುವಾರ ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ನಮ್ಮ ಕನ್ನಡಿಗರ ಪಾಟ್‌ಲಕ್‌ನಲ್ಲಿ, ಬಿಸಿಬೇಳೆಬಾತಿನ ಎರಡನೇ ಸುತ್ತಿನಲ್ಲಿ, ನಾನು ಬಾಯಿ ಬಿಟ್ಟೆ. "ಮುಂದಿನ ತಿಂಗಳು ಬ್ರಿಟನ್ನಿಗೆ ಹೋಗ್ತಿದೀನಿ. ಸೈಕಲ್ ಯಾತ್ರೆ!"

ಪರದೇಶದಲ್ಲಿರೋ ಯಾವ ಕನ್ನಡಿಗನೂ ಮಾಡಬಾರದ ತಪ್ಪು ಇದು. ಪ್ರಯಾಣದ ಸುದ್ದಿಯನ್ನು ವಿಮಾನ ಹತ್ತಿದ ಮೇಲೆ ಹೇಳಬೇಕು. ಮುಂಚೆ ಹೇಳಿದಿರೋ, ನೀವು ಮನುಷ್ಯರಲ್ಲ, ಅಂಚೆ ಚೀಲ!

ಮೊದಲು ಬಂದವರು ಅನಸೂಯಮ್ಮ. ನಮ್ಮ ಗುಂಪಿಗೆಲ್ಲ ಹಿರಿಯರು. "ದ್ವಾರಕಾ, ನನ್ನ ತಂಗಿ ಲೆಸ್ಟರ್‌ನಲ್ಲಿದಾಳೆ. ಪಾಪ, ಅವಳಿಗೆ ಒಂದು ಶಾವಿಗೆ ಒರಳು ಇಲ್ಲ. ನನ್ನ ಹತ್ತಿರ ಎರಡಿದೆ. ಚಿಕ್ಕದಪ್ಪಾ, ಸೈಕಲ್ಲಿಗೆ ಗೊತ್ತೇ ಆಗಲ್ಲ."

ಮೂರು ಕಾಲಿನ ಕಬ್ಬಿಣದ ಒರಳು! ತೂಕ ಹತ್ತು ಪೌಂಡಿಗೆ ಕಮ್ಮಿ ಇಲ್ಲ. ನಾನು "ಅಯ್ಯೋ, ಅದಕ್ಕೇನಂತೆ ಅಮ್ಮಾ," ಅಂದೆ.

ಹಿಂದೆಯೇ ಚನ್ನವೀರ, ದಾವಣಗೆರೆ ಕಡೆಯವನು. "ಸರ, ನಮ್ಮ ಅಣ್ಣನ ಮಗ ಬರ್ಮಿಂಗ್‌ಹ್ಯಾಮ್‌ನಾಗ ಅದಾನ್ರೀ. ಶೇಂಗಾ ಚಟ್ನಿಪುಡಿ, ಬರೇ ಎರಡು ಕಿಲೋ. ಕೊಟ್ಟು ಅಲ್ಲೇ ಊಟ ಮಾಡ್ಕೊಂಡು ಹೋಗ್ರಿ."

"ಆಗ್ಲಪ್ಪ," ಅಂದೆ. ಅಷ್ಟರಲ್ಲಿ ಮಧುರಾ ಬಂದಳು. ಅವಳ ಅತ್ತಿಗೆ ಕವೆಂಟ್ರಿಯಲ್ಲಿ. ಗೌರಿ ಹಬ್ಬದ ಬಾಗಿನ, ಒಂದು ಜೊತೆ ಮೊರ! ಬಾಗಿನಕ್ಕೆ ಬೇಡ ಅನ್ನೋಕಾಗುತ್ತೇನ್ರೀ? ನಾನಂತೂ ಹುಟ್ಟಿದಾಗಿನಿಂದ ಯಾರಿಗೂ ಬೇಡ ಅಂದವನಲ್ಲ. ಅದೂ ಅಲ್ಲದೆ, ಸಾಮಾನು ಕೊಟ್ಟ ಮನೆಯಲ್ಲಿ ಊಟ ಮಾಡದೆ ಹೊರಟರೆ ಅವಮಾನ. ಒಂದು ಮನೆಯಲ್ಲಿ ಉಂಡು ಇನ್ನೊಂದರಲ್ಲಿ ಬರೀ ಕಾಫಿ ಕುಡಿದರೆ ಅದಿನ್ನೂ ದೊಡ್ಡ ಅವಮಾನ.

ಸ್ಪ್ರೆಡ್‌ಶೀಟಿನಲ್ಲಿ ಹೊಸ ಕಾಲಂ ಬಂತು: "ಊಟ." ಘಾಟಿಗೆ ಸೊನ್ನೆ. ಲೆಸ್ಟರ್, ಕವೆಂಟ್ರಿ, ಬರ್ಮಿಂಗ್‌ಹ್ಯಾಮ್ ಮೂರಕ್ಕೂ ಫಸ್ಟ್ ಕ್ಲಾಸ್. ಬ್ರಿಟನ್ನಿನ ಪರ್ವತರಾಜಿಯಿಂದ ನಾನು ಹೈವೇ ಪಕ್ಕದ ಸರ್ವಿಸ್ ರಸ್ತೆಗೆ ಇಳಿದಿದ್ದೆ! ಮಗಳು ಮೈತ್ರಿ ಹಾಲ್‌ನಲ್ಲಿ ಪೇರಿಸಿಟ್ಟ ಒರಳು, ಮೊರ, ಡಬ್ಬಿಗಳನ್ನು ಒಮ್ಮೆ ನೋಡಿದಳು. "ಅಪ್ಪಾ, ದಟ್ಸ್ ನಾಟ್ ಎ ಬೈಕ್ ಟ್ರಿಪ್. ದಟ್ಸ್ ಎ ಡೆಲಿವರಿ ರೂಟ್."

ಹೊಸ ರೂಟನ್ನು ಗುರುವಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ದನಿ ತಣ್ಣಗಿತ್ತು.

"ದ್ವಾರಕಾ, ಯಾರೋ ಇವರೆಲ್ಲ?"

"ನಮ್ಮ ಜನ ಕಣೋ. ಮೂರೇ ಮನೆ. ಮೂರೇ ಊಟ. ಮಧ್ಯದಲ್ಲಿ ನಾವಿಬ್ಬರೂ ಹಾಯಾಗಿ ಮಾತಾಡ್ಕೊಂಡು..."

"ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ನಿನ್ನ ಹತ್ತಿರ ಎರಡು ದಿನ ಕೇಳಿದೆ. ಅದನ್ನೂ ಹಂಚಿಬಿಟ್ಯಲ್ಲೋ. ಹೋಗಿ ಬಾ, ಪಾರ್ಸೆಲ್ ಕೊಟ್ಟು ಬಾ. ನಾನು ಬರಲ್ಲ."

ಫೋನ್ ಇಟ್ಟುಬಿಟ್ಟ! ಅವನು ಅಷ್ಟು ಸುಲಭಕ್ಕೆ ಬೇಜಾರು ಮಾಡಿಕೊಳ್ಳೋನಲ್ಲ. ಎರಡು ದಿನ ಮೆಸೇಜಿಗೂ ಉತ್ತರ ಇಲ್ಲ. ಮೂರನೇ ದಿನ ತಟ್ಟೆಯಲ್ಲಿ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದೆ. ವಸಂತಾ ಕೇಳಿದಳು.

"ಎಲ್ಲರಿಗೂ ಆಗಲ್ಲ ಅಂತ ಹೇಳಿಬಿಡಿ. ಅಷ್ಟಕ್ಕೆ ಯಾಕೆ ಒದ್ದಾಡ್ತೀರ?"

"ಅನಸೂಯಮ್ಮಂಗೆ ನಾನು ಹೇಗೆ ಹೇಳಲೇ? ಮೈತ್ರಿ ಹುಟ್ಟಿದಾಗ ಬಾಣಂತನಕ್ಕೆ ಖಾರದಪುಡಿ ಮಾಡಿಕೊಟ್ಟಿದ್ದಾರೆ."

"ಕೊಡಿ ಇಲ್ಲಿ ಫೋನು." ಅವಳೇ ಅನಸೂಯಮ್ಮಂಗೆ ಮಾಡಿದಳು. ದನಿ ಇಳಿಸಿ, ಸೆರಗಿಲ್ಲದಿದ್ದರೂ ಸೆರಗಲ್ಲಿ ಕಣ್ಣೊರೆಸಿಕೊಳ್ಳೋರ ಹಾಗೆ ಮಾತಾಡಿದಳು. "ಇವರು ಹೋಗ್ತಿರೋದು ಎಂಥ ರಸ್ತೆಗೆ ಅಂತೀರ ಅಮ್ಮಾ! ಏದುಸಿರು ಬಿಡ್ತಾ ನಮ್ಮ ದಿಬ್ಬಾನೇ ಹತ್ತೋಕೆ ಆಗಲಿಲ್ಲ. ಇವರು ವಾಪಸ್ ಬರೋದೇ ದೇವರ ದಯೆ. ಇವರ ಜೊತೆ ನಿಮ್ಮ ಒರಳೂ ಯಾಕೆ ಹೋಗಬೇಕು ಹೇಳಿ?"

ಆ ಸಂಜೆಯೇ ಅನಸೂಯಮ್ಮ ಬಂದು ಒರಳು ತಗೊಂಡು ಹೋದರು. ಅವರಿಂದ ಸುದ್ದಿ ಕೇಳಿ ಮಿಕ್ಕವರೂ ಬಂದರು. ಚನ್ನವೀರ ಚಟ್ನಿಪುಡಿ ಎತ್ತಿಕೊಂಡು, "ಆರೋಗ್ಯ ನೋಡ್ಕೋರಿ ಸರ," ಅಂತ ಅರ್ಧ ಕಿಲೋ ನನಗೇ ಬಿಟ್ಟ. ಮಧುರಾ ಮೊರ ತಗೊಂಡು, ನನ್ನ ಕಾಲಿಗೊಂದು ನಮಸ್ಕಾರ ಹಾಕಿ ಹೋದಳು! ಹಾಲ್ ಖಾಲಿಯಾಯ್ತು, ಮರ್ಯಾದೆಯೂ.

ಶನಿವಾರ ಬೆಳಿಗ್ಗೆ ಗುರುವಿಗೆ ವಿಡಿಯೋ ಕಾಲ್ ಮಾಡಿದೆ. ಪುಣ್ಯಾತ್ಮ ಎತ್ತಿಕೊಂಡ.

"ಎಲ್ಲಾ ವಾಪಸ್ ಕಳಿಸಿದೆ ಕಣೋ. ತಪ್ಪಾಯ್ತು. ಜಾಗ ನೀನೇ ಹೇಳು. ಎರಡು ದಿನವೂ ನಿಂದೇ."

ಅವನ ಮುಖ ಸಡಿಲವಾಯ್ತು. "ಈಲಿ ಅಂತ ಊರು. ನಮ್ಮನೆಯಿಂದ ನದಿ ಪಕ್ಕದಲ್ಲೇ ದಾರಿ. ದೋಸೆ ಹೆಂಚಿನ ಹಾಗೆ ಚಪ್ಪಟೆ."

"ಏರೇ ಇಲ್ವಾ? ಛೆ! ಚಾಮುಂಡಿ ಬೆಟ್ಟ ಹತ್ತಿದ ಕಾಲುಗಳೋ ಇವು!"

"ಯಾರ ಕಾಲು?" ಅಂದ ಗುರು.

ನನ್ನ ಹಿಂದೆ ನಿಂತಿದ್ದ ವಸಂತಾ ಪರದೆಯ ಹತ್ತಿರ ಬಗ್ಗಿದಳು. "ಹಾಗಂದ್ರೆ?"

"ಅತ್ತಿಗೆ, ನಾಲ್ಕು ವರ್ಷದಲ್ಲಿ ಇವನು ಕ್ಯಾರಿಯರ್ ಮೇಲಿಂದ ಇಳಿದಿದ್ದು ಪಂಕ್ಚರ್ ಆದಾಗ ಮಾತ್ರ. ಏರು ಬಂದ್ರೆ ಬೆನ್ನು ತಟ್ಟಿ, 'ಹೊಡಿ ಗುರು, ಇನ್ನೇನು ಬಂತು' ಅಂತಿದ್ದ!"

"ದಾರಿಯುದ್ದ ಮಾತಾಡ್ತಿದ್ನಲ್ಲೋ! ಅದು ಶ್ರಮ ಅಲ್ವಾ?" ಅಂದೆ. ವಸಂತಾ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು.

ಗುರು ನಗಲಿಲ್ಲ. "ಅದೇ ಬೇಕಿತ್ತು ಕಣೋ ನಂಗೆ," ಅಂದ. "ಇಲ್ಲಿ ಎಷ್ಟೋ ವರ್ಷದಿಂದ ಒಬ್ಬನೇ ತುಳೀತಿದೀನಿ. ಒಳ್ಳೇ ಸೈಕಲ್ಲು, ಒಳ್ಳೇ ರಸ್ತೆ. ಬೆನ್ನ ಹಿಂದೆ ಮಾತಾಡೋರು ಯಾರೂ ಇಲ್ಲ."

ನನ್ನ ಕಣ್ಣು ತುಂಬಿಕೊಂಡವು. ನಾಚಿಕೆ ಇಲ್ಲದೆ ಹೇಳ್ತೀನಿ, ತುಂಬಿಕೊಂಡವು.

"ಅದಕ್ಕೇ ಇಬ್ಬರು ಕೂರೋ ಒಂದೇ ಸೈಕಲ್ ಬಾಡಿಗೆಗೆ ಹೇಳಿದೀನಿ," ಅಂದ. "ನಾನು ಮುಂದೆ, ನೀನು ಹಿಂದೆ. ಹಳೇ ಥರ."

"ಗುರೂ! ನೀನು ಮನುಷ್ಯನಲ್ಲ ಕಣೋ, ದೇವರು! ಆ ಎರಡು ದಿನ ನಾನು ಬಾಯಿ ಮುಚ್ಚಿದರೆ ಕೇಳು!"

"ಜಾಸ್ತಿ ಕುಣೀಬೇಡ," ಅಂದ ಗುರು. "ಈ ಸಲ ಹಿಂದಿನ ಸೀಟಿಗೂ ಪೆಡಲ್ ಇದೆ."