ನೋಡಿ ಬರೆದ ಪಂದ್ಯ

ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೊರಡುವ ಸಂಜೆ ಬಸ್ಸು ಯಾವ ಆಟ ಮುಗಿಯುವವರೆಗೂ ಕಾಯುವುದಿಲ್ಲ. ತಿಮ್ಮರಾಜುವಿನ ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ. ಪತ್ರಿಕೆ ಅಚ್ಚಾಗುವುದು ಮೈಸೂರಿನಲ್ಲಿ, ಆಟ ನಡೆಯುವುದು ಈ ತಾಲ್ಲೂಕುಗಳ ಬಯಲಲ್ಲಿ, ವರದಿ ಹೋಗುವುದು ಕಂಡಕ್ಟರ್ ಕೈಗಿತ್ತ ಕವರಿನಲ್ಲಿ. ಹಾಗಾಗಿ ಬೆಳಿಗ್ಗೆಯೇ ತಂಡಗಳನ್ನು ನೋಡಿ, ಯಾರ ತೊಡೆ ಗಟ್ಟಿ, ಯಾರ ಉಸಿರು ಉದ್ದ ಎಂದು ಅಳೆದು, ಪಂದ್ಯಕ್ಕೆ ಮುಂಚೆಯೇ ಪಂದ್ಯವನ್ನು ಬರೆದು ಕಳಿಸುವುದು ಅವನಿಗೆ ರೂಢಿಯಾಗಿತ್ತು. ಅದೂ ಅಂಕಗಳ ಸಮೇತ. ಇಷ್ಟು ವರ್ಷದಲ್ಲಿ ಒಂದೂ ಹುಸಿಹೋಗಿರಲಿಲ್ಲ. ಕ್ರೀಡಾಪುಟದ ಸಂಪಾದಕನೂ ಅವನೇ ಆದ್ದರಿಂದ ಕೇಳುವವರೂ ಇರಲಿಲ್ಲ.

ನಾಗಮಂಗಲದ ಕಾಲೇಜೊಂದರಲ್ಲಿ ವಾರಕ್ಕೆರಡು ದಿನ ಪತ್ರಿಕೋದ್ಯಮದ ಪಾಠ ಶುರುಮಾಡಿದ ಮೇಲೆ ಮಾತ್ರ ಒಳಗೆ ಮುಳ್ಳು ಆಡತೊಡಗಿತು. ಬೋರ್ಡಿನ ಮೇಲೆ ‘ಕಣ್ಣಾರೆ ಕಂಡದ್ದನ್ನೇ ಬರೆಯಿರಿ’ ಎಂದು ಬರೆದು ಹಿಂತಿರುಗಿದರೆ, ಮುಂದಿನ ಬೆಂಚಿನ ಅರ್ಪಿತ ಅದನ್ನು ದೇವರ ನಾಮದಂತೆ ಬರೆದುಕೊಳ್ಳುತ್ತಿದ್ದಳು. ಅವನಿಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ಆ ಕಾಲೇಜಿನಲ್ಲಿ ಕೆಲಸ ಕಾಯಂ ಆದರೆ ಬಸ್ಸಿನ ಹಿಂದೆ ಓಡುವುದು ತಪ್ಪುತ್ತದೆ ಎಂಬುದೊಂದೇ ಈಗ ಅವನಿಗಿದ್ದ ಆಸೆ. ತೀರ್ಮಾನ ಸೋಮವಾರ. ತೀರ್ಮಾನಿಸುವವರು ಆಡಳಿತ ಮಂಡಳಿಯ ಅಧ್ಯಕ್ಷ ಶಿವಣ್ಣ. ಅವರ ಊರು ಹೊಸಹೊಳಲು. ಅದರ ಹಿಂದಿನ ದಿನ, ಭಾನುವಾರ, ಕೆ.ಆರ್. ಪೇಟೆಯಲ್ಲಿ ಹೊಸಹೊಳಲಿಗೂ ಪಾಲಹಳ್ಳಿಗೂ ಕಬಡ್ಡಿ ಫೈನಲ್. ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಶಿವಣ್ಣನವರದೇ ಬಾಡೂಟ.

ತಿಮ್ಮರಾಜು ಎಂದಿನಂತೆ ಬೆಳಿಗ್ಗೆ ತೊಡೆಗಳನ್ನು ನೋಡಿದ. ಹೊಸಹೊಳಲು ಮೂವತ್ತೊಂದು, ಪಾಲಹಳ್ಳಿ ಇಪ್ಪತ್ತೇಳು ಎಂದು ಬರೆದು, ಕವರನ್ನು ಕಂಡಕ್ಟರ್ ಮುದ್ದಯ್ಯನ ಕೈಗೆ ಕೊಟ್ಟ. ಬಸ್ಸು ಹೊರಟಿತು. ಆಮೇಲೆ ಪಂದ್ಯ ಶುರುವಾಯಿತು.

ಅರ್ಧ ಆಟವೂ ಆಗಿರಲಿಲ್ಲ. ಆಟಗಾರರ ಉರುಳಾಟದಲ್ಲಿ ನಡುವಿನ ಸುಣ್ಣದ ಗೆರೆ ಅಳಿಸಿಹೋಯಿತು. ಗೆರೆ ಇಲ್ಲಿತ್ತು ಎಂದರು ಪಾಲಹಳ್ಳಿಯವರು, ಅಲ್ಲಿತ್ತು ಎಂದರು ಹೊಸಹೊಳಲಿನವರು. ರೆಫರಿ ಬಗ್ಗಿ ಬಗ್ಗಿ ಕಳೆದುಹೋದ ಓಲೆ ಹುಡುಕುವವನಂತೆ ಗೆರೆ ಹುಡುಕಿದ. ಪಂಚೆ ಎತ್ತಿ ಕಟ್ಟಿಕೊಂಡು ಶಿವಣ್ಣನವರೂ ಇಳಿದರು. ಕೊನೆಗೆ ಎರಡೂ ತಂಡಗಳು ಅಂಗಿ ತೊಟ್ಟು ಎದ್ದು ನಡೆದವು. ಪಂದ್ಯ ರದ್ದಾಗಿದೆ ಎಂದು ಮೈಕಿನಲ್ಲಿ ಕೂಗಿದರು.

ತಿಮ್ಮರಾಜುವಿಗೆ ಬಸ್ಸಿನಲ್ಲಿ ಹೋದ ಕವರು ನೆನಪಾಯಿತು. ಫೋನು ಮಾಡೋಣವೆಂದರೆ ಭಾನುವಾರ ಕ್ರೀಡಾಪುಟದ ಫೋನು ಎತ್ತಬೇಕಾದವನು ತಾನೇ. ಕಂಪೋಸ್ ಮಾಡುವವನು ಬಂದ ಕವರಿನಲ್ಲಿ ಒಂದಕ್ಷರ ತಿದ್ದುವವನಲ್ಲ. ಊಟದ ಆಸೆಗೆ ಪಾಂಡವಪುರದಿಂದ ಜೊತೆಗೆ ಬಂದಿದ್ದ ಪಕ್ಕದ ಮನೆಯ ಚಲುವಯ್ಯನ ಹತ್ತಿರ ಮೋಟಾರ್ ಬೈಕಿತ್ತು.

“ಬಾಡು ಬೇಯ್ತಾ ಅದೆ ಕಣ್ಲಾ. ಉಂಡ್ಕೊಂಡ್ ಓಗವಾ,” ಎಂದ ಚಲುವಯ್ಯ. “ಒಟ್ಟೆ ತುಂಬುದ್ರೆ ಮನ್ಸರ ಬುದ್ಧಿನೂ ಬದಲಾಯ್ತದೆ.”

“ನಡೀದೇ ಇರೋ ಆಟ ನಾಳೆ ಪೇಪರ್ನಲ್ಲಿ ಬಂದ್ರೆ ನನ್ ಕತೆ ಮುಗೀತು. ಗಾಡಿ ತಗಿ ಚಲುವಣ್ಣ.”

ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಯೊಂದು ರಸ್ತೆಗೆ ಅಡ್ಡಲಾಗಿ ಹೂತು ನಿಂತಿತ್ತು. ಹೆಗಲು ಕೊಡದೆ ದಾರಿ ಇಲ್ಲ ಎಂದ ಗಾಡಿಯವನು. ಹೆಗಲು ಕೊಟ್ಟು ರೈಲ್ವೆ ಗೇಟಿಗೆ ಬಂದರೆ, ಬಸ್ಸು ಆಚೆ ದಾಟಿದ್ದು ಕಣ್ಣಿಗೆ ಕಾಣುತ್ತಿರುವಾಗಲೇ ಗೇಟು ಬಿತ್ತು. ಗೂಡ್ಸ್ ರೈಲು ಬಸುರಿಯಂತೆ ನಿಧಾನವಾಗಿ ಹೋಯಿತು. ಪುಣ್ಯಕ್ಕೆ ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಡ್ರೈವರ್ ಟೀ ಕುಡಿಯುತ್ತಿದ್ದ.

ಪ್ರೆಸ್ಸಿಗೆ ಕೊಟ್ಟ ಕವರನ್ನು ಪ್ರೆಸ್ಸಿಗೇ ಕೊಡುವುದು ಎಂದು ಮುದ್ದಯ್ಯ ಹಟ ಹಿಡಿದ. ಬರೆದವನು ನಾನೇ ಎಂದರೂ ಕೇಳಲಿಲ್ಲ. ಕೊನೆಗೆ ತಿಮ್ಮರಾಜು ತಗ್ಗಿದ ದನಿಯಲ್ಲಿ, “ಅದ್ರಲ್ಲಿರೋದು ಸುಳ್ಳು ಮುದ್ದಯ್ಯ. ಆಟ ನೋಡೋಕ್ ಮುಂಚೆ ಬರ್ದಿದ್ದು,” ಎಂದ.

ಮುದ್ದಯ್ಯ ಅವನನ್ನೇ ನೋಡಿದ. “ಇಷ್ಟ್ ವರ್ಸ ನಾನ್ ಒತ್ಕೊಂಡೋಗಿದ್ದು?”

“ಎಲ್ಲಾನೂ ಹಂಗೇ,” ಎಂದ ತಿಮ್ಮರಾಜು. ಮುದ್ದಯ್ಯ ಕವರು ತೆಗೆದುಕೊಟ್ಟ.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ತಿಮ್ಮರಾಜು ಹಳೆಯದನ್ನು ಹರಿದೆಸೆದು ಹೊಸದಾಗಿ ಬರೆದ. ಗೆರೆ ಅಳಿಸಿದ್ದು, ಜಗಳ ಆದದ್ದು, ಪಂದ್ಯ ರದ್ದಾದದ್ದು, ಎಲ್ಲವೂ ಕಣ್ಣಾರೆ ಕಂಡದ್ದು. ಬಸ್ಸು ಹೊರಟಾಗ ತೀರ್ಥಸ್ನಾನ ಮಾಡಿದಷ್ಟು ಹಗುರಾದ. ಚಲುವಯ್ಯ ಮಾತ್ರ ಪಾಂಡವಪುರ ಬರುವವರೆಗೂ ಬಾಡಿಗಾಗಿ ಮರುಗಿದ.

ಸೋಮವಾರ ಕಾಲೇಜಿನಲ್ಲಿ ಶಿವಣ್ಣನವರ ಮುಂದೆ ಪತ್ರಿಕೆ ಹರಡಿತ್ತು.

“ಮಾಡಿದ್ ಅಡುಗೆ ಚೆಲ್ಲಕಾಯ್ತದಾ ಮೇಷ್ಟ್ರೇ? ಎಲ್ರುನೂ ಕರ್ದು ಒಂದೇ ಸಾಲ್ನಾಗೆ ಕೂರುಸ್ದೊ. ಜೊತೇಲಿ ಉಂಡ್ಮ್ಯಾಲೆ ಇನ್ನೇನ್ ಜಗಳ? ಒಸ್ದಾಗಿ ಸುಣ್ಣ ಎಳ್ದು, ಲೈಟ್ ಆಕ್ಸಿ ಆಡುದ್ರು. ನಾವೇ ಗೆದ್ದೊ.”

ಕೇಳಬಾರದೆಂದುಕೊಂಡೇ ತಿಮ್ಮರಾಜು ಅಂಕ ಎಷ್ಟೆಂದು ಕೇಳಿದ.

“ಮೂವತ್ತೊಂದು, ಇಪ್ಪತ್ತೇಳು.”

ತಿಮ್ಮರಾಜು ಹರಿದೆಸೆದದ್ದೂ ಅದೇ ಅಂಕಗಳನ್ನು. ಕಣ್ಣಾರೆ ಕಂಡದ್ದನ್ನೇ ಬರೆದೆ ಎಂದಷ್ಟೇ ಹೇಳಿದ.

“ಅದೇ ಕಣ್ರೀ ಬೇಜಾರು,” ಎಂದರು ಶಿವಣ್ಣ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಬೆಳಿಗ್ಗೆ ಬಸ್ಸಲ್ಲಿ ಮುದ್ದಯ್ಯ ಎಲ್ಲಾ ಯೋಳ್ದ. ಬ್ಯಾರೆ ಊರೋರಾಟ್ನೆಲ್ಲ ನೋಡ್ದೇನೆ ಸರ್ಯಾಗ್ ಬರುದ್ರಿ. ನಮ್ಮೂರ್ದೊಂದ ನೋಡಿ ಬರ್ದು ಕೆಡುಸ್ಬುಟ್ರಲ್ಲ.”

ಕಾಯಂ ಕೆಲಸದ ಮಾತನ್ನು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಹೊತ್ತಾಗಿತ್ತು. ತಿಮ್ಮರಾಜು ತರಗತಿಗೆ ಹೋದ. ಹೋದ ವಾರದ ವಾಕ್ಯವನ್ನು ಯಾರೂ ಒರೆಸಿರಲಿಲ್ಲ. ಹೊಸಹೊಳಲಿನವಳೇ ಆದ ಅರ್ಪಿತ ಎದ್ದು ನಿಂತಳು. ಅವಳ ಮುಖದಲ್ಲಿ ಕುಚೋದ್ಯವೇನೂ ಇರಲಿಲ್ಲ.

“ಸಾರ್, ಕಣ್ಣಾರೆ ನೋಡ್ಬೇಕು ಸರಿ. ಎಲ್ಲೀಗಂಟ ನೋಡ್ಬೇಕು?”

ತಿಮ್ಮರಾಜು ಸೀಮೆಸುಣ್ಣ ತೆಗೆದುಕೊಂಡು ಹಳೆಯ ವಾಕ್ಯದ ಕೆಳಗೆ, ‘ಊಟ ಮುಗಿಯುವವರೆಗೆ’ ಎಂದು ಬರೆದ. ಹುಡುಗರೆಲ್ಲ ಬರೆದುಕೊಂಡರು.